ಜೇವರ್ಗಿಯ ಗೋರಿ ಯಾವ ಭಾಷೆ ಆಡಿತು?

ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಅವುಗಳ ಬಗ್ಗೆ ಲೇಖನ ಬರೆದು ಪಂಡಿತರ ಗಮನಕ್ಕೆ ತಂದವನು ಮೆಡೋಸ್ ಟೇಲರ್. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಅದೇ ಸಾಹೇಬ. ಸುರಪುರದ ಟೇಲರ್ ಮಂಜಿಲ್‌ಗೆ ಇವತ್ತಿಗೂ ಅವನದೇ ಹೆಸರು. 1850ರ ಆಸುಪಾಸಿನಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಭೀಮಾ ದಂಡೆಯ ಫಿರೋಜಾಬಾದಿನ ಹತ್ತಿರ ಇರುವ 'ಜಿವರ್ಜಿ' ಎಂಬ ಹಳ್ಳಿಯ ಪ್ರಾಚೀನ ಅವಶೇಷಗಳ ಮೇಲೆ ಅವನ ಬರಹ ಬಂತು. ಆ ಜಿವರ್ಜಿ ನಮ್ಮ ಜೇವರ್ಗಿಯೇ. ಗೋರಿಯ ಮಣ್ಣು ಯಾವ ಯಾವ ಪದರದಲ್ಲಿ ಬಿದ್ದಿದೆ ಎಂದು ಅಡ್ಡಕೊಯ್ತದ ಚಿತ್ರ ಬರೆದು ತೋರಿಸಿದ್ದು ಅವನ ದೊಡ್ಡ ಕೆಲಸ. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥ ಕಟ್ಟುನಿಟ್ಟಿನ ಪುರಾತತ್ವಜ್ಞನೂ ಅದನ್ನು ಮೆಚ್ಚಿಕೊಂಡ. ಇಷ್ಟು ಮಾತು ಸಾಹೇಬನಿಗೆ ಸಲ್ಲಬೇಕು. ಗುದ್ದಲಿ ಹಿಡಿದು ಬುಟ್ಟಿ ಹೊತ್ತ ನಮ್ಮ ಮಂದಿಗೆ ಏನು ಸಲ್ಲಬೇಕು ಎಂಬುದು ಬೇರೆ ಪ್ರಶ್ನೆ.

ಆದರೆ ಅಳತೆ ಮುಗಿದ ಮೇಲೆ ಸಾಹೇಬ ಒಂದು ಗಂಟು ಹಾಕಿದ. 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗಾಗಿ ದಖ್ಖನ್ನಿನ ಗೋರಿಗಳನ್ನೆಲ್ಲ ಸೇರಿಸಿ ದೊಡ್ಡ ಪ್ರಬಂಧ ಬರೆದಾಗ, ಅದರ ಶೀರ್ಷಿಕೆಯಲ್ಲೇ ಇವಕ್ಕೆ ಮೂರು ಹೆಸರು ಅಂಟಿಸಿದ: ಕೆಲ್ಟಿಕ್, ಡ್ರೂಯಿಡಿಕ್ ಇಲ್ಲವೆ ಸಿಥಿಯನ್. ಕೆಲ್ಟರೆಂದರೆ ಪಶ್ಚಿಮ ಯುರೋಪಿನ ಹಳೆಯ ಜನ, ಡ್ರೂಯಿಡರೆಂದರೆ ಅವರ ಪುರೋಹಿತರು. ಸಿಥಿಯನ್ನರೆಂದರೆ ನಡು ಏಷ್ಯಾದ ಹುಲ್ಲುಗಾವಲಿನ ಕುದುರೆ ಸವಾರರು. ಭೀಮಾ ದಂಡೆಯಲ್ಲಿ ಬದುಕಿ ಭೀಮಾ ದಂಡೆಯಲ್ಲೇ ಸತ್ತವರಿಗೆ ಸಾವಿರಾರು ಮೈಲಿ ಆಚೆಯ ಹೆಸರು! ಯಾಕ? ಬ್ರಿಟನ್ನಿನಲ್ಲೂ ಇಂಥವೇ ಕಲ್ಲುಗಳಿದ್ದವು ಎಂಬುದಷ್ಟೇ ಆಧಾರ.

ಅದೇ ಕಾಲಕ್ಕೆ ತಿರುನೆಲ್ವೇಲಿಯಲ್ಲಿ ಪಾದ್ರಿಯಾಗಿದ್ದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಒಂದೇ ಮನೆತನದವು, ಸಂಸ್ಕೃತದ ಮಕ್ಕಳಲ್ಲ ಎಂದು ಗಟ್ಟಿಯಾಗಿ ತೋರಿಸಿದ ಪುಸ್ತಕ ಅದು. ಆ ಮಾತು ಇಂದಿಗೂ ನಿಂತಿದೆ. ಅಷ್ಟಕ್ಕೇ ನಿಲ್ಲದೆ ಅವನೂ ಈ ಮನೆತನವನ್ನು 'ಸಿಥಿಯನ್' ಭಾಷೆಗಳ ಗುಂಪಿಗೆ ನಂಟು ಹಾಕಿದ. ಒಬ್ಬ ಕಲ್ಲಿನ ದಾರಿಯಿಂದ, ಒಬ್ಬ ಮಾತಿನ ದಾರಿಯಿಂದ ಒಂದೇ ಹೆಸರಿಗೆ ಬಂದು ಮುಟ್ಟಿದರು. ಹೀಗಾದಾಗ ಏನಾಗುತ್ತದೆ ನೋಡಿರಿ. ಭಾಷೆ ಸಿಥಿಯನ್ ಅಂತ ಹೇಗೆ ಗೊತ್ತು? ಗೋರಿ ಸಿಥಿಯನ್ ಇದಾವಲ್ಲ. ಗೋರಿ ಸಿಥಿಯನ್ ಅಂತ ಹೇಗೆ ಗೊತ್ತು? ಭಾಷೆ ಸಿಥಿಯನ್ ಅದಲ್ಲ. ಇಬ್ಬರು ಸುಳ್ಳು ಸಾಕ್ಷಿಗಳು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ.

ಕಾಲ್ಡ್‌ವೆಲ್‌ನ ಪುಸ್ತಕಕ್ಕೆ ಇನ್ನೊಂದು ಕತೆಯಿದೆ, ನಮ್ಮ ಓದುಗರು ಮರೆಯಬಾರದ ಕತೆ. ಅದರ 1875ರ ಎರಡನೇ ಆವೃತ್ತಿಯಲ್ಲಿ, ಪರೆಯರು ದ್ರಾವಿಡರು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿಕೊಂಡ ಅನುಬಂಧವಿತ್ತು. ಅವರು ಬೇರೆ ಜನಾಂಗ ಎಂಬ ಬಿಳಿಯರ ರೂಢಿಯ ಮಾತನ್ನು ಅವನು ಒಪ್ಪಲಿಲ್ಲ. ಲೇಖಕ 1891ರಲ್ಲಿ ತೀರಿಕೊಂಡ. 1913ರಲ್ಲಿ ಬೇರೆಯವರು ಪರಿಷ್ಕರಿಸಿದ ಮೂರನೇ ಆವೃತ್ತಿ ಬಂದಾಗ ಆ ಅನುಬಂಧ ಮಾಯವಾಗಿತ್ತು. ಮುಂದಿನ ತಲೆಮಾರುಗಳು ಓದಿದ್ದು ಈ ಕತ್ತರಿಸಿದ ಪುಸ್ತಕವನ್ನೇ. ಭಾಷಾಶಾಸ್ತ್ರ ಬರೇ ಧ್ವನಿ, ಪ್ರತ್ಯಯಗಳ ನಿರುಪದ್ರವಿ ಲೆಕ್ಕಾಚಾರ ಅಂತ ನಂಬಿದವರು ಈ ಕತ್ತರಿಯನ್ನು ಒಮ್ಮೆ ನೆನೆಯಬೇಕು.

ಕಲ್ಲನ್ನೂ ಮಾತನ್ನೂ ಜೋಡಿಸಬಾರದೆಂದು ನಾನು ಹೇಳುತ್ತಿಲ್ಲ. ಬರವಣಿಗೆ ಇಲ್ಲದ ಕಾಲದ ನಮ್ಮ ಹಿರಿಯರನ್ನು ತಿಳಿಯಲು ಇವೆರಡೇ ದೊಡ್ಡ ದಾರಿ. ರಾಜರ ಶಾಸನದಲ್ಲಿ ಹೆಸರು ಬರದವರಿಗೆ ಇವೇ ಶಾಸನ. ಆದರೆ ಒಂದೊಂದಕ್ಕೂ ಅದರದರ ಕಾನೂನಿದೆ. ಆಳಂದದ ಪೇಟೆಗೆ ಹೋಗಿ ನಿಲ್ಲಿರಿ. ಒಬ್ಬನೇ ಮನುಷ್ಯ ಮನಿಯಾಗ ಕನ್ನಡ, ಸೋಲಾಪುರದ ವ್ಯಾಪಾರಿಯ ಜೋಡಿ ಮರಾಠಿ, ಹೋಟೆಲಿನಲ್ಲಿ ದಖನಿ ಮಾತಾಡುತ್ತಾನೆ. ತಾಂಡಾದ ಹೆಣ್ಣುಮಗಳು ಲಂಬಾಣಿಯಲ್ಲಿ ಹಾಡಿ ಕನ್ನಡದಲ್ಲಿ ಕೂಲಿ ಕೇಳುತ್ತಾಳೆ. ನಾಳೆ ಇವರ ಎಲುಬು ಅಗೆದವನಿಗೆ ಆ ಎಲುಬು ಯಾವ ಭಾಷೆ ಹೇಳಬೇಕು? ಗಡಿಗೆ ಭಾಷೆ ಆಡುವುದಿಲ್ಲ, ರಕ್ತಕ್ಕೆ ವ್ಯಾಕರಣವಿಲ್ಲ. ಇಷ್ಟು ಸರಳ ಮಾತನ್ನು ನೂರೈವತ್ತು ವರ್ಷದ ಪಾಂಡಿತ್ಯ ಮತ್ತೆ ಮತ್ತೆ ಮರೆತಿದೆ.

ಮಾತಿನ ಕಾನೂನು ಏನು? ಹೋಲಿಕೆಯಲ್ಲ, ಕ್ರಮ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಲ ಹೊಲವಾಯಿತು, ಪಟ್ಟಿ ಹಟ್ಟಿಯಾಯಿತು. ಸುಮಾರು ಹತ್ತನೇ ಶತಮಾನದಿಂದೀಚೆಗೆ ಶಾಸನಗಳಲ್ಲಿ ಈ ಬದಲಾವಣೆ ಕಾಣತೊಡಗುತ್ತದೆ. ತಮಿಳಿನಲ್ಲಿ ಪಾಲ್, ಪುಲಿ, ಪಟ್ಟಿ ಹಾಗೇ ಉಳಿದಿವೆ. ಹೀಗೆ ಸಾಲುಸಾಲಾಗಿ ಹೊಂದಿದರೆ ಅದು ಸಾಕ್ಷಿ. ಬರೇ ಕಿವಿಗೆ ಒಂದೇ ತರಹ ಕೇಳಿಸಿದರೆ ಅದು ಕಾಕತಾಳೀಯ. ಹಿರೇಬೆಣಕಲ್ಲಿನ ಕಡೆ ಕಲ್ಲುಗೋರಿಗಳ ಗುಡ್ಡಕ್ಕೆ ಮೋರೇರ ಬೆಟ್ಟ ಅಂತಾರೆ, ಕುಳ್ಳಗಿನ ಮೋರೇರು ಅಲ್ಲಿ ಮನಿ ಕಟ್ಟಿಕೊಂಡಿದ್ದರು ಅಂತ ಕತೆ. 'ಮೋರೇರು ಅಂದರೆ ಮೌರ್ಯರು' ಎಂದು ಬರೆದುಬಿಡುವುದು ಸುಲಭ. ಆದರೆ ಗೋರಿ ಕಟ್ಟುವ ಪದ್ಧತಿ ಮೌರ್ಯರಿಗಿಂತ ಎಷ್ಟೋ ನೂರು ವರ್ಷ ಮೊದಲೇ ಇಲ್ಲಿ ನಡೆದಿತ್ತು. ಹೆಸರು ಹೇಳುವುದು ಹೆಸರಿಟ್ಟವರ ಕತೆಯನ್ನು ಮಾತ್ರ. ಅಫಜಲಪುರ ಎಂಬ ಹೆಸರಲ್ಲಿ ಅರಬ್ಬಿಯ ಅಫ್ಜಲ್ ಇದ್ದಾನೆ, ಸಂಸ್ಕೃತದ ಪುರ ಇದೆ. ಆ ಊರ ಹೊಲದಲ್ಲಿ ಕಳೆ ತೆಗೆಯುವವಳ ಮಾತು ಇವೆರಡೂ ಅಲ್ಲ.

ಈ ಎರಡು ಶಾಸ್ತ್ರಗಳು ನಿಜವಾಗಿ ಕೂಡಿ ದುಡಿದದ್ದು ಎಲ್ಲಿ ಎಂದರೆ ಕಾಳಿನಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಅಂದರೆ ತೊಗರಿಯ ಕಣಜ, ಜೋಳದ ರೊಟ್ಟಿಯ ಸೀಮೆ. ಇವು ಆದಿಯಿಂದ ನಮ್ಮವೇ ಎಂದು ಯಾರಾದರೂ ಆಣೆ ಮಾಡಿ ಹೇಳಿಯಾರು. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರು ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಯಾದ ಕಾಳುಗಳನ್ನು ಆರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನಾಲ್ಕು ಸಾವಿರ ವರ್ಷದ ಹಿಂದಿನ ಮೂಲ ಊಟ ಅದರಲ್ಲಿ ಸಿಕ್ಕಿತು: ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಕಾಡುಧಾನ್ಯ. ತೊಗರಿ ಬರುವುದು ಆಮೇಲೆ. ಅದರ ಕಾಡು ಬಂಧು ಬಸ್ತರ್, ಒಡಿಶಾ ಕಡೆಯ ಗಿಡ. ನವಶಿಲಾಯುಗ ಮುಗಿಯುವ ಹೊತ್ತಿಗೆ ಅದು ಈ ಕಡೆ ಬಂದಿದೆ. ಜೋಳ ಇನ್ನೂ ದೂರದ್ದು. ಸುಡಾನಿನ ಪೂರ್ವಭಾಗದಲ್ಲಿ ಐದು ಸಾವಿರ ವರ್ಷದ ಹಿಂದೆ ಆಫ್ರಿಕದ ರೈತರು ಪಳಗಿಸಿದ ಬೆಳೆ, ಕಡಲು ದಾಟಿ ಬಂದು ನಮ್ಮ ಎರೆಹೊಲದಲ್ಲಿ ಬೇರುಬಿಟ್ಟಿತು.

ಇದರ ಪಕ್ಕಕ್ಕೆ ಪದಗಳನ್ನು ಇಟ್ಟು ನೋಡಿರಿ. ಹೆಸರು ಹಳಗನ್ನಡದಲ್ಲಿ ಪೆಸರ್, ತಮಿಳಿನಲ್ಲಿ ಪಯರು, ಪಸರು, ತೆಲುಗಿನಲ್ಲಿ ಪೆಸಲು. ಬೇರು ಒಂದೇ, ಹಳೆಯದು. ತೊಗರಿಗೆ ತಮಿಳಿನಲ್ಲಿ ತುವರೈ, ಆದರೆ ಪಕ್ಕದ ತೆಲುಗಿನಲ್ಲಿ ಕಂದಿ. ಸಂಸ್ಕೃತ ಪಂಡಿತರೂ ಈ ಕಡೆಯಿಂದಲೇ ಪದ ಎರವಲು ತಗೊಂಡು ತುವರಿ ಎಂದರು. ಬೇಳೆ ತಿನ್ನುವಾಗ ಬೆಳೆದವನ ಮಾತು ಬಾಯಿಗೆ ಬರಲೇಬೇಕಲ್ಲ. ಕಾಳು ಹೇಳುವುದನ್ನೇ ಪದವೂ ಹೇಳುತ್ತದೆ, ಒಂದು ಇನ್ನೊಂದರ ಹಂಗಿಲ್ಲದೆ. ಬೇರೆ ಬೇರೆ ದಾರಿಯಿಂದ ಬಂದ ಇಬ್ಬರು ಸಾಕ್ಷಿಗಳು ಅಂದರೆ ಇವರು. ಸಿಥಿಯನ್ ಗೋರಿಯ ಸಾಕ್ಷಿಗೂ ಇದಕ್ಕೂ ಇರುವ ವ್ಯತ್ಯಾಸ ಮಾಸ್ತರರು ಮಕ್ಕಳಿಗೆ ಒಂದು ತಾಸಿನಲ್ಲಿ ತಿಳಿಸಿಕೊಡಬಹುದು, ಅಂಗಡಿಯ ಕಾಳು ತಂದರೆ ಸಾಕು.

ಕನ್ನಡದಲ್ಲಿ ಈ ಕೆಲಸಕ್ಕೆ ಎದೆಗಾರಿಕೆಯಿಂದ ಕೈಹಾಕಿದವರು ಶಂಬಾ ಜೋಶಿ. ಧಾರವಾಡದ ಶಾಲಾ ಮಾಸ್ತರರು. 1933ರ 'ಕಣ್ಮರೆಯಾದ ಕನ್ನಡ'ದಲ್ಲಿ ಮಹಾರಾಷ್ಟ್ರದ ಊರ ಹೆಸರುಗಳೊಳಗೆ ಹುದುಗಿದ ಕನ್ನಡ ತೋರಿಸಿದರು, 1952ರಲ್ಲಿ ಮರಾಠಿಯಲ್ಲೇ 'ಮರ್ಹಾಟಿ ಸಂಸ್ಕೃತಿ' ಬರೆದು ಆ ಸಂಸ್ಕೃತಿಯ ಬುಡದಲ್ಲಿ ದನ ಕುರಿ ಕಾಯುವ ಹಟ್ಟಿಯ ಜನರಿದ್ದಾರೆ ಎಂದರು. ರಾಜರನ್ನೂ ಋಷಿಗಳನ್ನೂ ಬಿಟ್ಟು ಕುರುಬರ ಕಡೆ ತಿರುಗಿ ನೋಡಿದ ಆ ಧೈರ್ಯಕ್ಕೆ ನಮ್ಮ ಚಳವಳಿ ಋಣಿ. ಮುಂದೆ ಗುದ್ದಲಿಯೂ ಅವರ ಮಾತಿನ ಕಡೆಗೇ ವಾಲಿತು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಮೆಹಬೂಬನಗರ ಜಿಲ್ಲೆಯ ಉಟ್ನೂರಿನ ಬೂದಿ ದಿಬ್ಬ ಅಗೆದಾಗ ದನದ ಗೊರಸಿನ ಗುರುತು ಸಿಕ್ಕವು. ಆ ದಿಬ್ಬಗಳು ನವಶಿಲಾಯುಗದ ದನದ ಹಟ್ಟಿಗಳು, ಸಗಣಿ ರಾಶಿಗೆ ಸಲಸಲಕ್ಕೆ ಬೆಂಕಿ ಕೊಟ್ಟು ಆದ ಬೂದಿ ಅದು ಎಂದು ಅವನು 1963ರ ಪುಸ್ತಕದಲ್ಲಿ ವಾದಿಸಿದ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಪುರಾಣ ಹೇಳಿಸಿಕೊಂಡು ಬಂದಿದ್ದೆವು. ಅದು ದನಗಾಹಿಗಳ ಬೂದಿ.

ಆದರೂ ಶಂಬಾ ಅವರ ದಾರಿಯಲ್ಲಿ ಒಂದು ಜಾರುಕಲ್ಲು ಇದೆ. ಮಹಾರಾಷ್ಟ್ರದ ಧನಗರರಲ್ಲಿ ಹಟ್ಕರ್ ಎಂಬ ಪಂಗಡವಿದೆ. ಅದರಲ್ಲಿ ಅವರು ನಮ್ಮ 'ಹಟ್ಟಿಕಾರ'ರನ್ನು ಕಂಡರು. ಇರಲಿ, ಒಪ್ಪೋಣ. ಆದರೆ ಪಟ್ಟಿ ಹಟ್ಟಿಯಾದದ್ದು ಹತ್ತನೇ ಶತಮಾನದ ಈಚೆಗೆ ಎಂದು ಮೇಲೆ ನೋಡಿದೆವಲ್ಲ? ಹಟ್ಕರ್ ಎಂಬುದು 'ಹ'ಕಾರದ ಹಟ್ಟಿಯಿಂದಲೇ ಬಂದಿದ್ದರೆ, ಆ ಹೆಸರಿಗೆ ಸಾವಿರ ವರ್ಷದ ವಯಸ್ಸೇ ಹೆಚ್ಚು. ಅದನ್ನು ಮೂರು, ನಾಲ್ಕು ಸಾವಿರ ವರ್ಷದ ಹಿಂದಿನ ಜನರ ಸಾಕ್ಷಿಯಾಗಿ ನಿಲ್ಲಿಸಲು ಬರುವುದಿಲ್ಲ. ಹಟ್ಟಿ ಎಂಬ ಪದ ದ್ರಾವಿಡದಲ್ಲಿ ಹಳೆಯದು ಎಂದರೆ ಆ ಭಾಷೆ ಆಡಿದವರಿಗೆ ಹಟ್ಟಿ ಗೊತ್ತಿತ್ತು ಎಂದಷ್ಟೇ ಅರ್ಥ. ಉಟ್ನೂರಿನ ಹಟ್ಟಿ ಕಟ್ಟಿದವರು ಆ ಭಾಷೆಯನ್ನೇ ಆಡಿದರು ಎಂದು ಹೇಳಲು ಇನ್ನೂ ಬೇರೆ ಸಾಕ್ಷಿ ಬೇಕು.

ಇಂಥ ಅವಸರಕ್ಕೆ ಇನ್ನೊಂದು ನಮೂನೆ ನಿಜಾಮ ಸರಕಾರದ ಬುಡಕಟ್ಟು ಸಲಹೆಗಾರನಾಗಿದ್ದ ಫ್ಯೂರರ್ ಹೈಮೆಂಡಾರ್ಫ್. ಕಬ್ಬಿಣ ಮತ್ತು ಕಲ್ಲುಗೋರಿಗಳ ಜತೆಗೇ ದ್ರಾವಿಡ ಭಾಷೆಯವರು ಹೊರಗಿನಿಂದ ದಕ್ಷಿಣಕ್ಕೆ ಬಂದರು ಎಂದು 1950ರ ದಶಕದಲ್ಲಿ ಅವನು ವಾದ ಹೂಡಿದ. ಹಂಗಾರ ಜೇವರ್ಗಿಯ ಗೋರಿ ಕನ್ನಡದ ಅಜ್ಜಿಯ ಮಾತು ಆಡಿತು, ಅದಕ್ಕಿಂತ ಮೊದಲಿನ ಬೂದಿ ದಿಬ್ಬ ಬೇರೇನೋ ಆಡಿತು ಎಂದಾಯಿತು. 2018ರಲ್ಲಿ ವಿಷ್ಣುಪ್ರಿಯಾ ಕೊಲಿಪಾಕಂ ಮತ್ತು ಸಂಗಡಿಗರು 20 ದ್ರಾವಿಡ ನುಡಿಗಳ ನೂರು ನೂರು ಮೂಲಪದ ಹೋಲಿಸಿ ಲೆಕ್ಕ ಹಾಕಿದಾಗ, ಈ ಮನೆತನ ಒಡೆದು ಬೇರೆಯಾಗತೊಡಗಿದ್ದು ಸುಮಾರು 4500 ವರ್ಷದ ಹಿಂದೆ ಎಂದು ಬಂತು. ಅದು ಬೂದಿ ದಿಬ್ಬಗಳ ಕಾಲ. ಕಬ್ಬಿಣಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ. ಲೆಕ್ಕದ ಅಂಚು ಎರಡೂ ಕಡೆ ಅಗಲವಾಗಿದೆ, ಅದನ್ನು ಅವರೇ ಹೇಳಿದ್ದಾರೆ. ಅಂಚನ್ನು ಮುಚ್ಚಿಡದೆ ಹೇಳುವುದೇ ಟೇಲರನ ಕಾಲಕ್ಕಿಂತ ಈ ಶಾಸ್ತ್ರ ಬೆಳೆದಿದೆ ಎಂಬುದಕ್ಕೆ ಗುರುತು.

ಈಗ ನಮ್ಮ ಕಡೆಗೆ ಬರೋಣ. ನಾವು ಈ ನೆಲದ ಮೂಲನಿವಾಸಿಗಳು, ಶುದ್ಧ ದ್ರಾವಿಡರು, ಉಳಿದವರೆಲ್ಲ ಹೊರಗಿನವರು ಎಂಬ ಮಾತು ನಮ್ಮ ಸಭೆಗಳಲ್ಲಿ, ಕರಪತ್ರಗಳಲ್ಲಿ ಓಡಾಡುತ್ತದೆ. ಆ ಮಾತಿನ ಹಿಂದಿನ ನೋವು ಖರೆ. ಊರ ಹೊರಗೆ ಇಟ್ಟವನ ಎದುರು, ಊರೇ ನನ್ನದಾಗಿತ್ತು ಎಂದು ಕೂಗಬೇಕೆನ್ನಿಸುತ್ತದೆ. ಆದರೆ ಇದು ಟೇಲರ್ ಹಾಕಿದ ಅದೇ ಗಂಟು, ಎಳೆಗಳಷ್ಟೇ ಬೇರೆ. ಭಾಷೆಯ ಹೆಸರನ್ನು ರಕ್ತಕ್ಕೆ ಕಟ್ಟುವುದು, ರಕ್ತದಿಂದ ಹಕ್ಕು ಅಳೆಯುವುದು. ಹುಟ್ಟಿನ ಮೇಲೆ ಹಕ್ಕು ಅಳೆಯುವ ತಕ್ಕಡಿ ಯಾರದು ಗೊತ್ತಲ್ಲ?

ಬಾಬಾಸಾಹೇಬರು ಈ ತಕ್ಕಡಿಯನ್ನು ಮುಟ್ಟಲಿಲ್ಲ. 1946ರ 'ಶೂದ್ರರು ಯಾರು' ಗ್ರಂಥದಲ್ಲಿ ಅವರು ಋಗ್ವೇದದ 'ಅನಾಸ' ಎಂಬ ಒಂದು ಪದವನ್ನು ಕೈಗೆತ್ತಿಕೊಂಡರು. ಅ-ನಾಸ ಎಂದು ಒಡೆದರೆ ಮೂಗಿಲ್ಲದವನು, ಅನ್-ಆಸ ಎಂದು ಒಡೆದರೆ ಬಾಯಿಲ್ಲದವನು, ಅಂದರೆ ನೆಟ್ಟಗೆ ಮಾತು ಬಾರದವನು. ಮ್ಯಾಕ್ಸ್ ಮುಲ್ಲರ್ ಮೊದಲಿನದನ್ನು ಹಿಡಿದ, ಸಾಯಣ ಎರಡನೆಯದನ್ನು. ಸಂಧಿ ಒಡೆಯುವುದರಲ್ಲಿನ ಈ ಒಂದು ವ್ಯತ್ಯಾಸದ ಮೇಲೆ ಚಪ್ಪಟೆ ಮೂಗಿನ ಒಂದು ಜನಾಂಗವೇ ಹುಟ್ಟಿತು, 1901ರ ಜನಗಣತಿಯ ರಿಸ್ಲಿ ಅಳತೆಕೋಲು ಹಿಡಿದು ಮೂಗು ಅಳೆದ. 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ಬಾಬಾಸಾಹೇಬರು ಘುರ್ಯೆ ಕೊಟ್ಟ ಮೂಗಿನ ಅಳತೆಗಳನ್ನೇ ತಿರುಗಿಸಿ ಹಾಕಿ, ಬ್ರಾಹ್ಮಣನ ಜನಾಂಗ ಯಾವುದೋ ಅಸ್ಪೃಶ್ಯನದೂ ಅದೇ ಎಂದು ತೋರಿಸಿದರು. 2013ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ಸೇರಿ ಮಾಡಿದ ವಂಶವಾಹಿ ಅಧ್ಯಯನ ಏನು ಹೇಳಿತು? ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಒಬ್ಬರಲ್ಲೊಬ್ಬರು ಬೆರೆತರು, ಆಮೇಲೆ ಬೆರಕೆ ನಿಂತು ಜಾತಿಯೊಳಗಿನ ಮದುವೆ ಬಿಗಿಯಾಯಿತು. ಅಗ್ರಹಾರದಲ್ಲೂ ಕೇರಿಯಲ್ಲೂ ಎರಡೂ ರಕ್ತವಿದೆ, ಪಾಲು ಹೆಚ್ಚುಕಡಿಮೆ. ಶುದ್ಧರು ಯಾರೂ ಇಲ್ಲ. ಜಾತಿ ಹುಟ್ಟಿದ್ದು ಜನಾಂಗದಿಂದಲ್ಲ, ಬಾಗಿಲು ಹಾಕಿದ್ದರಿಂದ.

ನಮ್ಮವರಿಗೆ ಪ್ರಿಯವಾದ ಇನ್ನೊಂದು ವ್ಯುತ್ಪತ್ತಿಯೂ ಇದೆ: ಹೊಲೆಯ ಅಂದರೆ ಹೊಲದವನು, ಭೂಮಿಯ ಒಡೆಯ. ಕೇಳಲು ಚೆಂದ. ಬರೋ ಮತ್ತು ಎಮನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಹೊಲ (ತಮಿಳು ಪುಲಂ) ಒಂದು ಕಡೆ, ಹೊಲೆ (ತಮಿಳು ಪುಲೈ) ಇನ್ನೊಂದು ಕಡೆ, ಬೇರೆ ಬೇರೆ ನಮೂದಾಗಿವೆ. ಎರಡನೆಯದರ ಅರ್ಥ ಮೈಲಿಗೆ. ಪುಲೈಯನ್ ಎಂಬುದು ಸಂಗಂ ಕಾಲದ ತಮಿಳು ಕಾವ್ಯದಲ್ಲೇ ಸಿಗುತ್ತದೆ. ಅಂದರೆ ಆ ಬೈಗುಳ ಕನ್ನಡ ಶಾಸನಗಳಿಗಿಂತ ಹಳೆಯದು. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕಟವಾಗಬೇಕಿಲ್ಲ. ಆ ಪದವನ್ನು ನಾವು ಇಟ್ಟುಕೊಂಡದ್ದಲ್ಲ, ನಮ್ಮ ಮೇಲೆ ಇಟ್ಟದ್ದು. ಭೂಮಿಯ ಮೇಲಿನ ಹಕ್ಕು ಉಳುಮೆಯಿಂದ ಬರುತ್ತದೆ, ಅದಕ್ಕೆ ನಿಘಂಟಿನ ಸಹಿ ಯಾಕೆ ಬೇಕು?

ಹಾಗಾದರೆ ಕಲ್ಲು ಮಾತು ಕೂಡಿಸಿ ನಾವು ಕೇಳಬೇಕಾದ ಪ್ರಶ್ನೆ ಯಾವುದು? ನನ್ನ ಮಟ್ಟಿಗೆ ಅದು ಬಾಬಾಸಾಹೇಬರು ಬಿಟ್ಟುಹೋದ ಪ್ರಶ್ನೆ. ಸೋತು ಚದುರಿದ ಗುಂಪಿನವರು ಊರ ಹೊರಗೆ ನೆಲೆ ನಿಂತರು, ಅವರು ಬೌದ್ಧರಾಗಿದ್ದರು, ಉಳಿದವರು ಬಿಟ್ಟ ಮೇಲೂ ದನದ ಮಾಂಸ ಬಿಡಲಿಲ್ಲ, ಹೀಗಾಗಿ ಸುಮಾರು ಕ್ರಿ.ಶ. 400ರ ಹೊತ್ತಿಗೆ ಅಸ್ಪೃಶ್ಯತೆ ಹುಟ್ಟಿತು ಎಂದರು ಅವರು. ಕೊಂಡಿಗಳು ಕಳೆದುಹೋಗಿರುವಲ್ಲಿ ಊಹೆಯಿಂದ ಸೇತುವೆ ಕಟ್ಟಿದ್ದೇನೆ ಎಂಬುದನ್ನು ಮುನ್ನುಡಿಯಲ್ಲೇ ಅವರು ಮರೆಮಾಚಲಿಲ್ಲ. ಊಹೆಯನ್ನು ಪೂಜಿಸುವುದಲ್ಲ, ಪರೀಕ್ಷಿಸುವುದು ಶಿಷ್ಯರ ಕೆಲಸ. ಆ ಪರೀಕ್ಷೆಗೆ ಭೀಮೆಯ ಸೀಮೆಗಿಂತ ಒಳ್ಳೆಯ ನೆಲ ಯಾವುದಿದೆ? ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ದನ ಕಡಿದು ಪಾಲು ಹಾಕಿದ ನೆಲವನ್ನೇ, ಎಲುಬು ಮತ್ತು ಕಲ್ಲಿನ ಅಲಗುಗಳ ಸಮೇತ ಬಯಲಿಗೆ ತಂದರು. ನಾಲ್ಕು ಸಾವಿರ ವರ್ಷದ ಹಿಂದೆ ಊರಿಗೆ ಊರೇ ತಿಂದದ್ದು ಅದು. ಬೂದಿಹಾಳ ಎಂಬ ಹೆಸರು ಬೂದಿಯನ್ನು ನೆನಪಿಟ್ಟಿತು, ಮಾಂಸವನ್ನು ಮರೆಯಿತು! 2020-21ರಲ್ಲಿ ಬೆಂಗಳೂರಿನ ವಿಧಾನಸೌಧದಲ್ಲಿ ಗೋಹತ್ಯೆಯ ಕಾಯಿದೆಗೆ ಮೇಜು ಕುಟ್ಟಿದವರು ಈ ನೆಲದ ವರದಿ ಓದಿದ್ದರೆ ಚೆನ್ನಾಗಿತ್ತು. ಇನ್ನು ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ, ಪಕ್ಕದ ಕನಗನಹಳ್ಳಿಯಲ್ಲಿ ಮಹಾಸ್ತೂಪ. ಕೆಲವು ಶತಮಾನ ಬೆಳಗಿ ಕುಸಿದುಹೋದ ಬೌದ್ಧ ನೆಲೆ. ಆ ಕಲ್ಲುಗಳ ಭಾಷೆ ಪ್ರಾಕೃತ. ದಡದ ಹೊಲದಲ್ಲಿ ದುಡಿದವರ ಮಾತು ಕಲ್ಲಿಗೆ ಏರಲಿಲ್ಲ.

ದನ, ಬುದ್ಧ ಎರಡೂ ಸಿಕ್ಕವು. ಮೂರನೆಯದು ಊರ ಹೊರಗಿನ ಕೇರಿ. ಸ್ತೂಪ ಅಗೆದರು, ಕೋಟೆ ಅಳೆದರು, ಗೋರಿ ಬಿಚ್ಚಿದರು. ಹಳೆಯ ಊರಿನ ಅಂಚಿನಲ್ಲಿ ಬೇರೆಯಾಗಿ ನಿಂತ ಮನೆಗಳಿದ್ದವೆ, ಯಾವ ಶತಮಾನದಿಂದ, ಅವರ ಗಡಿಗೆ ಬೇರೆಯೆ, ಅವರ ತಿಪ್ಪೆಯಲ್ಲಿನ ಎಲುಬು ಬೇರೆಯೆ ಎಂದು ಗುದ್ದಲಿಯಿಂದ ಕೇಳಿದರೆ ಉತ್ತರ ಬಂದೇ ಬರುತ್ತದೆ. ಅದು ಕ್ರಿ.ಶ. 400 ಎಂದು ಹೇಳದಿದ್ದರೂ ಸರಿಯೆ. ಹಾಳೂರ ದಿಬ್ಬಗಳನ್ನು ಯಂತ್ರ ಹಚ್ಚಿ ತೊಗರಿಗೆ ಸಮ ಮಾಡುವ ಮೊದಲು, ಬೂದಿ ದಿಬ್ಬಗಳು ಗೊಬ್ಬರವಾಗಿ ಗಾಡಿ ಏರಿ ಮುಗಿಯುವ ಮೊದಲು ಇದು ಆಗಬೇಕು.

ಅಲ್ಲಿಯತನಕ ಮಾಸ್ತರರು ಮಾಡಬಹುದಾದ ಕೆಲಸ ಒಂದಿದೆ. ಪಹಣಿಯಲ್ಲಿ ಹೊಲಕ್ಕೆ ಬರೇ ಸರ್ವೆ ನಂಬರು ಇರುತ್ತದೆ. ಅದರ ಹೆಸರು ಇರುವುದು ಕೂಲಿಗೆ ಹೋಗುವವರ ಬಾಯಲ್ಲಿ. ಯಾವ ಹೊಲಕ್ಕೆ ಗೋರಿ ಹೊಲ ಅಂತಾರ, ಯಾವ ದಿಬ್ಬಕ್ಕೆ ಬೂದಿ ದಿಬ್ಬ ಅಂತಾರ, ಕೇರಿ ಹಿಂದೆ ಎಲ್ಲಿತ್ತು ಅಂತಾರ, ಮಕ್ಕಳ ಕೈಲಿ ಅವರ ಅಜ್ಜ ಅಜ್ಜಿಯನ್ನು ಕೇಳಿಸಿ, ನಂಬರಿನ ಎದುರಿಗೆ ಬರೆಸಿರಿ. ಹುಡುಗ 'ಮೋರೇರ ಮನಿ' ಎಂದು ಬರೆದುಕೊಂಡು ಬಂದರೆ ಹಾಗೇ ಇರಲಿ. ಕೆಂಪು ಶಾಯಿಯಿಂದ 'ಮೌರ್ಯರ ಮನೆ' ಎಂದು ತಿದ್ದಬೇಡಿರಿ.